ಸಲೋಮೆ ಟೀಚರ್ ವಾದ ನಿಲ್ಲಿಸಿದ್ದು

ನಮ್ಮೂರಿನ ಶಾಲೆಯಲ್ಲಿ ಮೂವತ್ತೆಂಟು ವರ್ಷ ಪಾಠ ಹೇಳಿದ ಸಲೋಮೆ ಕೀಫರ್ ಮದುವೆಯಾಗಲಿಲ್ಲ. ತಮ್ಮ ರೆನೆಯೊಬ್ಬನೇ ಅವರಿಗಿದ್ದ ಸ್ವಂತ ಜನ. ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಗಡಿಯ ನಮ್ಮ ಆಲ್ಸೇಸನ್ನು ಜರ್ಮನರು ನುಂಗಿದಾಗ ಇಲ್ಲಿಯ ಹುಡುಗರನ್ನೆಲ್ಲ ಬಲವಂತವಾಗಿ ತಮ್ಮ ಸೈನ್ಯಕ್ಕೆ ಸೇರಿಸಿಕೊಂಡು ರಷ್ಯಾಕ್ಕೆ ಅಟ್ಟಿದರು. ರೆನೆ ಹಾಗೆ ಹೋದವನು. ಅಲ್ಲಿ ಸೆರೆಯಾಗಿ ಒಂದು ಶಿಬಿರದಲ್ಲಿ ಸತ್ತನೆಂಬ ಕಾಗದ ಯುದ್ಧ ಮುಗಿದ ಮರುವರ್ಷ ಬಂತು. ಸತ್ತಾಗ ಅವನಿಗೆ ತುಂಬಿದ್ದರೆ ಇಪ್ಪತ್ತೊಂದು.

ಟೀಚರ್ ಅತ್ತದ್ದನ್ನು ಯಾರೂ ಕಂಡಿಲ್ಲವಂತೆ. ೧೯೫೦ರಲ್ಲಿ ಅವರು ಊರಿನ ಹೋಟೆಲಿನ ಹಿಂದಿನ ಕೋಣೆಯನ್ನು ಬಿಡಿಸಿಕೊಂಡು, ಪ್ರತಿ ತಿಂಗಳ ಮೊದಲ ಗುರುವಾರ ಚರ್ಚೆ ಶುರುಮಾಡಿದರು. ಯೂರೋಪಿನ ದೇಶಗಳೆಲ್ಲ ಸೇರಿ ಒಂದೇ ಒಕ್ಕೂಟವಾಗಬೇಕೆ? ಐವತ್ತೈದು ವರ್ಷ ಅದೇ ಪ್ರಶ್ನೆ. ಆಗಬೇಕು ಎಂದು ಟೀಚರ್. ಆಗಕೂಡದು ಎಂದು ತೆಯೋ ರಿಟ್ಟರ್.

ತೆಯೋ ದ್ರಾಕ್ಷಾರಸದ ಪೀಪಾಯಿ ಮಾಡುವವನು, ರೆನೆಯ ಜೊತೆಗಾರ. ಇಬ್ಬರೂ ಒಂದೇ ರೈಲು ಹತ್ತಿದ್ದರು, ಒಂದೇ ಶಿಬಿರದಲ್ಲಿದ್ದರು. ಮರಳಿ ಬಂದವನು ಇವನೊಬ್ಬ. ರೆನೆಯ ಬಗ್ಗೆ ಕೇಳಿದರೆ "ಜ್ವರ ಬಂತು, ಹೋದ" ಎಂದಷ್ಟೇ ಹೇಳುತ್ತಿದ್ದ. ಟೀಚರ್ ಒಂದೇ ಸೈನ್ಯ, ಒಂದೇ ಖಜಾನೆ, ಎಲ್ಲರೂ ಆರಿಸಿದ ಒಂದೇ ಸರಕಾರ ಎಂದು ಲೆಕ್ಕ ಒಪ್ಪಿಸಿದ ಮೇಲೆ ಇವನು ಈರುಳ್ಳಿ ಕಡುಬನ್ನು ಅಗಿಯುತ್ತ ಏಳುತ್ತಿದ್ದ. "ನಮ್ಮಪ್ಪ ಮನೆ ಬಿಟ್ಟು ಕದಲಲಿಲ್ಲ ಟೀಚರ್. ಕೂತಲ್ಲೇ ಮೂರು ಸಲ ಅವನ ದೇಶ ಬದಲಾಯ್ತು, ಜರ್ಮನಿ ಹೋಗಿ ಫ್ರಾನ್ಸ್, ಮತ್ತೆ ಜರ್ಮನಿ, ಮತ್ತೆ ಫ್ರಾನ್ಸ್. ಒಂದ್ಸಲನಾದ್ರೂ ಯಾರಾದ್ರೂ ಕೇಳಿದ್ರಾ? ನಾಲ್ಕನೇದು ನಂಗೆ ಬೇಡ." ಜನ ನಗುತ್ತಿದ್ದರು. ಟೀಚರೂ ನಗುತ್ತಿದ್ದರು. ಊರಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದ ನಾನು ಅವರ ಹಳೆಯ ವಿದ್ಯಾರ್ಥಿ. ಕುರ್ಚಿ ಹಾಕುವುದು, ಯಾರು ಏನೆಂದರು ಎಂದು ಬರೆದಿಡುವುದು ನನ್ನ ಪಾಲಿನ ಕೆಲಸ.

೨೦೦೫ರ ಮೇ ತಿಂಗಳಲ್ಲಿ ಯೂರೋಪಿನ ಹೊಸ ಸಂವಿಧಾನ ಬೇಕೋ ಬೇಡವೋ ಎಂದು ಫ್ರಾನ್ಸಿನಲ್ಲಿ ಮತದಾನ ಬಂತು. ಆ ಗುರುವಾರ ಕೋಣೆ ಕಿಕ್ಕಿರಿದಿತ್ತು. ಟೀಚರಿಗೆ ಎಂಬತ್ತಾರು, ತೆಯೋಗೆ ಎಂಬತ್ತೊಂದು. ಅವನು ಅಪ್ಪನ ಕಥೆ ತೆಗೆದ. "ಈ ಸಲ ಕೇಳ್ತಾ ಇದಾರಲ್ಲೋ ತೆಯೋ, ಚೀಟಿ ಕೈಗೇ ಕೊಡ್ತಾರೆ," ಎಂದರು ಟೀಚರ್. ಕೊಟ್ಟರೂ ಬೇಡವೆಂಬ ಚೀಟಿಯನ್ನೇ ಹಾಕುತ್ತೇನೆ ಎಂದ ಅವನು. ಯಾವತ್ತೂ ದನಿಯೇರಿಸದ ಟೀಚರ್ ಅಂದು ತಾಳ್ಮೆಗೆಟ್ಟರೋ ಏನೋ, ಮೇಜು ಹಿಡಿದುಕೊಂಡು ಎದ್ದು ನಿಂತರು.

"ನಿನ್ನೋರು ಯಾರೂ ಅಲ್ಲಿ ಸಾಯ್ಲಿಲ್ಲ. ಅದಕ್ಕೇ ನಿಂಗೆ ಹೀಗೆ ಮಾತಾಡೋಕಾಗತ್ತೆ."

ತೆಯೋ ಟೋಪಿ ಎತ್ತಿಕೊಂಡು ಹೊರಗೆ ಹೋದ.

ಮರುದಿನ ಬೆಳಿಗ್ಗೆ ಟೀಚರ್ ನನ್ನ ತೋಳು ಹಿಡಿದು ಅವನ ಮನೆಗೆ ನಡೆದರು. ತಪ್ಪಾಯಿತೆಂದು ನೇರವಾಗಿ ಕ್ಷಮೆ ಕೇಳಿದರು. ಅವನು ಅದನ್ನೇನೂ ಹಚ್ಚಿಕೊಂಡಿಲ್ಲವೆಂದ. ಆದರೆ ಟೀಚರ್ ಬಿಡಲಿಲ್ಲ. ಉತ್ತರ ಕೊಡದೆ ಯಾಕೆ ಹೋದೆ, ನಿನ್ನ ಮುಖದಲ್ಲಿ ಏನೋ ಇತ್ತು ಎಂದು ಪಟ್ಟು ಹಿಡಿದರು. ಅವನು ಕಾಫಿಯ ಬಟ್ಟಲನ್ನು ಆಚೆ ಸರಿಸಿದ. ಆಮೇಲೆ ಹೇಳಿದ.

ಶಿಬಿರದಲ್ಲಿ ಒಂದು ದಿನ ಫ್ರೆಂಚರನ್ನು ಬೇರೆ ಮಾಡಿ ಮನೆಗೆ ಕಳಿಸುತ್ತಾರೆ ಎಂದು ಸುದ್ದಿ ಬಂತಂತೆ. ಅಧಿಕಾರಿ ಒಬ್ಬೊಬ್ಬರನ್ನೇ ನೀನು ಯಾರು ಎಂದು ಕೇಳುತ್ತಿದ್ದ. ಫ್ರೆಂಚ್ ಎಂದವರು ಬಲಕ್ಕೆ, ಮನೆಯ ದಾರಿಗೆ; ಜರ್ಮನ್ ಎಂದವರು ಎಡಕ್ಕೆ, ಶಿಬಿರದಲ್ಲೇ ಉಳಿಯಲು. ತೆಯೋ ಬಲಕ್ಕೆ ಹೋಗಿ ನಿಂತ. ಹಿಂದೆ ರೆನೆ.

"ಅವ್ನು ಎರಡೂ ಅನ್ನಲಿಲ್ಲ ಸಲೋಮೆ. ನಾನು ಯೂರೋಪಿನವ್ನು ಅಂದ. ಅಧಿಕಾರಿ ತಮಾಷೆ ಮಾಡ್ತಿದಾನೆ ಅಂದ್ಕೊಂಡು ಎಡಕ್ಕೆ ತಳ್ಳಿದ. ನಾನು, ಇವ್ನು ನಮ್ಮೂರವ್ನು, ಫ್ರೆಂಚ್ ಹುಡುಗ ಅಂತ ಕೂಗಬಹುದಿತ್ತು. ನನ್ನ ಜಾಗನೂ ಹೋದ್ರೆ ಅಂತ ಬಾಯಿ ಬಿಡ್ಲಿಲ್ಲ."

ಟೀಚರ್ ನನ್ನ ತೋಳು ಹಿಡಿದು ಎದ್ದರು. ರೈಲಿನ ಬಾಗಿಲಲ್ಲಿ ತಮ್ಮನ ಕೈ ಹಿಡಿದು, ಯಾರು ಕೇಳಿದರೂ ಯೂರೋಪಿನವನು ಎಂದೇ ಹೇಳು ಎಂದು ಕಲಿಸಿ ಕಳಿಸಿದ್ದು ತಾವೇ ಎಂದು ಮರಳುವ ದಾರಿಯಲ್ಲಿ ನನಗೆ ಹೇಳಿದರು. ತೆಯೋಗೂ ಅದು ಗೊತ್ತಿತ್ತು. ರೈಲಿನಲ್ಲಿ ಅವನು ರೆನೆಯ ಪಕ್ಕದಲ್ಲೇ ಕುಳಿತಿದ್ದ. ಐವತ್ತೈದು ವರ್ಷದ ವಾದದಲ್ಲಿ ಒಂದು ಸಲ ಬಾಯಿಗೆ ತಂದಿದ್ದರೂ ಸಾಕಿತ್ತು, ಟೀಚರ್ ಸೋಲುತ್ತಿದ್ದರು. ಅವನು ತರಲಿಲ್ಲ.

ಮತದಾನದ ದಿನ ನಾನು ಪೆಟ್ಟಿಗೆಯ ಹತ್ತಿರ ಕುಳಿತಿದ್ದೆ. ಪರದೆಯ ಹಿಂದೆ ಹೋದ ಟೀಚರ್ ಎಷ್ಟು ಹೊತ್ತಾದರೂ ಬರಲಿಲ್ಲ. ಕೊನೆಗೆ ಒಬ್ಬಾಕೆ ಹೋಗಿ ಕರೆಯಬೇಕಾಯಿತು. ಯಾವ ಚೀಟಿ ಹಾಕಿದರೋ ತಿಳಿಯದು. ದೇಶ ಬೇಡವೆಂದಿತು. ತೆಯೋ ಗೆದ್ದಿದ್ದ. ಮರುದಿನ ಅವನು ಪೀಪಾಯಿ ಅಂಗಡಿಯ ಕದ ತೆಗೆಯಲಿಲ್ಲ.

ಮುಂದಿನ ಗುರುವಾರಗಳಿಗೂ ಟೀಚರ್ ಬಂದರು, ಆದರೆ ಮಾತಾಡಲಿಲ್ಲ. ಒಂದು ದಿನ ನಾನೇ ಕೇಳಿದೆ, ನಿಮ್ಮ ಮನಸ್ಸು ಬದಲಾಯಿತೆ ಎಂದು. "ಇಲ್ಲಪ್ಪ. ಅದು ಸರಿಯಾದ ಮಾತೇ. ಹಸಿದ ಹುಡುಗನ ಬಾಯಲ್ಲಿ ಇಟ್ಟು ಕಳಿಸ್ಬಾರದಾಗಿತ್ತು," ಎಂದರು.

ಅಕ್ಟೋಬರಿನಲ್ಲಿ ತೆಯೋ ಎದ್ದು ನಿಂತು, ಇವತ್ತು ನಾನು ಒಕ್ಕೂಟದ ಪರ ಎಂದ. ಜನ ಗೇಲಿ ಮಾಡಿದರು. ಅವನು ಜೇಬಿನಿಂದ ಕಾಗದ ತೆಗೆದು, ಒಂದೇ ಸೈನ್ಯ, ಒಂದೇ ಖಜಾನೆ ಎಂದು ತಡವರಿಸುತ್ತ ಓದಿದ. ಮೊದಲ ಒಪ್ಪಂದದ ವರ್ಷವನ್ನು ತಪ್ಪು ಹೇಳಿದ. ಹೇಳಿ, ಟೀಚರ್ ಕಡೆ ನೋಡಿದ. ತಿದ್ದಲಿ ಎಂದೇ ತಪ್ಪಿದನೆಂದು ನನಗನಿಸಿತು. ಟೀಚರ್ ತಲೆ ತಗ್ಗಿಸಿ ಕುಳಿತೇ ಇದ್ದರು.

ಅವನು ಬಿಡಲಿಲ್ಲ. ಮೂರು ಚಳಿಗಾಲ, ಕೆಮ್ಮುತ್ತ, ಅವರ ಪರವಾಗಿ ವಾದಿಸಿದ. ಎದುರು ನಿಲ್ಲಲು ಬೇರೆಯವರು ಸಿಗದೆ ಕೊನೆಗೆ ಆ ಕೆಲಸವೂ ನನ್ನ ಪಾಲಿಗೆ ಬಂತು. ನಾಲ್ಕನೆಯ ಚಳಿಗಾಲದಲ್ಲಿ ಎದೆಯಲ್ಲಿ ಕಫ ಕಟ್ಟಿ ತೆಯೋ ತೀರಿಕೊಂಡ. ಟೀಚರ್ ಸ್ಮಶಾನಕ್ಕೆ ಬಂದು, ಪಾದ್ರಿ ಹೋದ ಮೇಲೂ ಕುರ್ಚಿ ತರಿಸಿಕೊಂಡು ಅಲ್ಲೇ ಕುಳಿತರು. ಹೊರಡೋಣವೆ ಎಂದು ಕೇಳಿದೆ.

"ಸ್ವಲ್ಪ ಇರು," ಎಂದರು. "ಅವ್ನಿಗೆ ಉತ್ತರ ಹೇಳೋದಿದೆ, ಎಲ್ಲಿಂದ ಶುರುಮಾಡ್ಲಿ ಅಂತ ಹೊಳೀತಾ ಇಲ್ಲ."