ಮೂರನೇ ಮಹಡಿಯಿಂದ ಇಳಿದ ಕ್ರಿಯಾಪದ

ಸ್ಪ್ಯಾನಿಷ್ ಕಲಿಸುವವರು ನಮ್ಮಲ್ಲಿ ಹಲವರಿದ್ದಾರೆ. ಆದರೆ ಒಂದು ಕ್ರಿಯಾಪದವನ್ನು ವಿದ್ಯಾರ್ಥಿಗಳ ತೋಳಿಗೂ ಬೆನ್ನಿಗೂ ಕಲಿಸಿದವರು ಈಗ ನಿವೃತ್ತರಾಗುತ್ತಿರುವ ನಮ್ಮ ಮೇಡಂ ಒಬ್ಬರೇ. ‘ಯೆವಾರ್’ ಆ ಭಾಷೆಯ ದಿನಬಳಕೆಯ ಪದ. ಚೀಲ ಒಯ್ಯುವುದಕ್ಕೂ ಅದೇ, ಮಗುವನ್ನು ಶಾಲೆಗೆ ಕರೆದೊಯ್ಯುವುದಕ್ಕೂ ಅದೇ, ಅಂಗಿ ತೊಟ್ಟಿರುವುದಕ್ಕೂ ಅದೇ. ಇಷ್ಟು ವರ್ಷದಿಂದ ಇಲ್ಲಿದ್ದೇನೆ ಎನ್ನಲೂ ಅದೇ ಬೇಕು. ಅರ್ಥ ಬರೆಸಿ ಕೈತೊಳೆದುಕೊಳ್ಳುವ ಜಾಯಮಾನ ಮೇಡಂ ಅವರದಲ್ಲ. ಸಂಜೆ ತರಗತಿಗೆ ಬರುವ ದರ್ಜಿಯಾಗಲಿ, ದಾದಿಯಾಗಲಿ, ಬಸ್ ಕಂಡಕ್ಟರಾಗಲಿ, ಕುರ್ಚಿ ಹೊತ್ತು ಕೋಣೆ ಸುತ್ತುತ್ತಲೇ ಆ ಪದ ಹೇಳಬೇಕಿತ್ತು. ಕೆಳಗಿನ ಮಹಡಿಯ ಟೈಪಿಂಗ್ ಮೇಷ್ಟ್ರು, “ಸೂರು ತಲೆ ಮೇಲೆ ಬೀಳತ್ತೆ ಮೇಡಂ” ಎಂದು ಗೋಗರೆದರೂ ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಹೋದ ವರ್ಷ ಅವರ ಮೊಣಕಾಲು ಕೈಕೊಟ್ಟಿತು. ಮೂರನೇ ಮಹಡಿ ಹತ್ತಲಾಗದಿದ್ದರೆ ತರಗತಿಯನ್ನೇ ಮುಚ್ಚಬೇಕಾದೀತೆಂದು ಪ್ರಾಂಶುಪಾಲರು ತಿಳಿಸಿದರು. ಸೇವೆಯ ಕೊನೆಯ ವರ್ಷದಲ್ಲಿ ಮಕ್ಕಳಂತಿದ್ದವರನ್ನು ನಡುನೀರಿನಲ್ಲಿ ಬಿಡುವುದೆಂದರೆ ಅವರಿಗೆ ನುಂಗಲಾರದ ತುತ್ತಾಯಿತು. ಮೊಣಕಾಲಿಗೆಂದು ಹಾಕಿದ್ದ ರಜೆ ಮುಗಿದ ಸಂಜೆ, ಯಾರ ಕಣ್ಣಿಗೂ ಬೀಳಬಾರದೆಂದು ಹಿಂಬದಿಯ ಮೆಟ್ಟಿಲು ಹಿಡಿದು, ಹಲ್ಲುಕಚ್ಚಿ, ಕಂಬಿಗೆ ಜೋತುಬಿದ್ದು ಹತ್ತಿದರು. ಬಾಗಿಲು ತಳ್ಳಿದರೆ ಕೋಣೆ ಬಟಾಬಯಲು! ಬೆಂಚಿಲ್ಲ, ಕರಿಹಲಗೆಯಿಲ್ಲ, ಒಂದು ನರಪಿಳ್ಳೆಯೂ ಇಲ್ಲ. ನನ್ನನ್ನು ಕಾಯದೆ ಎಲ್ಲರೂ ಹೊರಟೇಹೋದರಲ್ಲ ಎಂದುಕೊಂಡು ನೆಲದ ಮೇಲೆ ಕುಸಿದು ಕೂತರು. ಅಂಥ ಗಟ್ಟಿಗಿತ್ತಿಯ ಕಣ್ಣೂ ಅಂದು ತುಂಬಿ ಬಂತು.

ಅಷ್ಟರಲ್ಲಿ ಕಂಡಕ್ಟರು ಏದುಸಿರು ಬಿಡುತ್ತಾ ಓಡಿಬಂದರು.

“ಅಯ್ಯೋ ಮೇಡಂ, ಇಲ್ಲಿದ್ದೀರಾ? ಮುಂದಿನ ಬಾಗಿಲಲ್ಲಿ ನಿಮಗೇ ಕಾಯ್ತಾ ಇದ್ವಿ. ಕ್ಲಾಸನ್ನೇ ಕೆಳಗಿಳಿಸಿಬಿಟ್ಟಿದ್ದೀವಿ!”

“ಪ್ರಾಂಶುಪಾಲರು ಒಪ್ಪಿದ್ರಾ?”

“ಹಳೇ ಸ್ಟೋರ್ ರೂಮು ಕೊಡಿ ಅಂತ ತಲೆ ತಿಂದ್ವಿ. ಒಪ್ಪದೆ ಏನ್ಮಾಡ್ತಾರೆ?”

“ನನಗೊಂದು ಮಾತು ಹೇಳಬಾರದಿತ್ತೇನಪ್ಪಾ?”

“ನೀವು ಬಂದಾಗ ನೋಡಿ ಖುಷಿಪಡ್ಲಿ ಅಂತ...” ಕಂಡಕ್ಟರು ತಲೆ ಕೆರೆದುಕೊಂಡರು. ಹಲಗೆ, ಬೆಂಚು, ಸೀಮೆಸುಣ್ಣದ ಡಬ್ಬಿಯವರೆಗೆ ಎಲ್ಲವನ್ನೂ ಇಳಿಸಿದ ಮಹಾಶಯರು ಮೇಡಂ ಒಬ್ಬರನ್ನೇ ಮೇಲೆ ಹತ್ತಲು ಬಿಟ್ಟಿದ್ದರು.

ಕೆಳಗಿನಿಂದ ಕುರ್ಚಿ ಬಂತು. ನಾಲ್ವರು ಹೊತ್ತರು, ದಾದಿ ಮುಂದೆ ನಿಂತು ದಾರಿ ಬಿಡಿಸಿದರು. ಎದುರಾದ ಟೈಪಿಂಗ್ ಮೇಷ್ಟ್ರು, “ಇದೇನ್ರಪ್ಪಾ?” ಎಂದು ಬೆರಗಾದರು. ಅದುವರೆಗೆ ಒಂದು ವಾಕ್ಯವನ್ನೂ ನೆಟ್ಟಗೆ ಆಡಿರದಿದ್ದ ಕಂಡಕ್ಟರು, ಕುರ್ಚಿಯ ಕಾಲು ಹಿಡಿದೇ, “ಲಾ ಯೆವಾಮೋಸ್ ಆ ಕ್ಲಾಸೆ” ಎಂದರು: ಇವರನ್ನು ತರಗತಿಗೆ ಕರೆದೊಯ್ಯುತ್ತಿದ್ದೇವೆ. ಮೇಡಂ ಅಳುತ್ತಾ ನಕ್ಕರು. ತಿದ್ದಲು ಅದರಲ್ಲಿ ಏನೂ ಇರಲಿಲ್ಲ.

ನಿವೃತ್ತಿಯ ನಂತರವೂ ಅದೇ ಕೋಣೆಯಲ್ಲಿ ಕಲಿಸಲು ಅವರು ಒಪ್ಪಿರುವುದು ನಮ್ಮ ಭಾಗ್ಯ. ಅವರು ನೂರ್ಕಾಲ ಬಾಳಲಿ, ಗದರುವ ದನಿ ಹೀಗೇ ಗಟ್ಟಿಯಾಗಿರಲಿ. ಮೊಣಕಾಲಿನ ಚಿಂತೆ ಅವರಿಗೆ ಬೇಡ. ಆ ಕುರ್ಚಿಯನ್ನು ಬಾಗಿಲ ಬಳಿಯೇ ಇಟ್ಟಿದ್ದೇವೆ.