ಮೀಟರಿನ ಗಾಜಿನ ಮೇಲಿನ ವಿಭೂತಿ

ಎಂಬತ್ತರ ದಶಕದ ಮಾತು. ಮಾವನವರು ಲಿಂಗೈಕ್ಯರಾದ ಮೇಲೆ ಮನೆಯಲ್ಲಿ ಯಾರೂ ಜೋರಾಗಿ ಅಳಲಿಲ್ಲ. ನಾನು ರೊಟ್ಟಿ ಬಡಿಯುತ್ತಿದ್ದೆ, ಉಣ್ಣುವವರು ಉಣ್ಣುತ್ತಿದ್ದರು. ಉಪ್ಪು, ಖಾರ ಬಾಯಿಗೆ ತಿಳಿಯುತ್ತಿರಲಿಲ್ಲ. ನನ್ನ ಲಿಂಗಪೂಜೆ ಮಾತ್ರ ತಪ್ಪಲಿಲ್ಲ, ಅಷ್ಟು ಶಿವನ ದಯೆ. ಅತ್ತೆ ಹಣೆಗೆ ವಿಭೂತಿ ಹಚ್ಚುವುದನ್ನೂ ಬಿಟ್ಟಿದ್ದರು.

ಮಾವನವರು ಪ್ರತಿ ಅಮಾವಾಸ್ಯೆಗೆ ಟ್ರ್ಯಾಕ್ಟರ್ ತೊಳೆದು, ಮೀಟರುಗಳ ಗಾಜಿನ ಮೇಲೂ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದರು. ಮರುದಿನ ತಾವೇ ಒರೆಸುತ್ತಿದ್ದರು. ಆ ಸಲ ಒರೆಸುವ ಮೊದಲೇ ಹೋದರು. ಅತ್ತೆ ಅದನ್ನು ಯಾರಿಗೂ ಮುಟ್ಟಗೊಡಲಿಲ್ಲ. ಇಂಜಿನ್ನಿಗೆ ಆಯಿಲ್ ಸರಿಯಾಗಿ ಏರುತ್ತಿದೆಯೇ ಎಂದು ತೋರಿಸುವ ಆಯಿಲ್ ಮೀಟರಿನ ಮುಳ್ಳು ವಿಭೂತಿಯ ಹಿಂದೆಯೇ ಉಳಿಯಿತು.

ತೊಗರಿ ಚೀಲ ಹೇರಿಕೊಂಡು ಜೇವರ್ಗಿಗೆ ಹೊರಟ ದಿನ ಅತ್ತೆಯೂ ನಾನೂ ಮಡ್ಗಾರ್ಡುಗಳ ಮೇಲೆ ಕುಳಿತಿದ್ದೆವು. ಅವರ ಮೊಣಕಾಲನ್ನು ದವಾಖಾನೆಯಲ್ಲಿ ತೋರಿಸಬೇಕಿತ್ತು. ಹಳ್ಳ ದಾಟಿ ಏರು ಬಂದಾಗ ನಮ್ಮ ಯಜಮಾನರು ಪೂರ್ತಿ ರೇಸ್ ಕೊಟ್ಟರು. ಟ್ರ್ಯಾಕ್ಟರಿನ ಮೂತಿ ಮೇಲಾಯಿತು. ಇಂಜಿನ್ನಿನೊಳಗೆ ಕಲ್ಲು ಬಡಿದಂಥ ಸಪ್ಪಳ. ಕೂಡಲೇ ರೇಸ್ ಬಿಟ್ಟು, ಮೆಲ್ಲಗೆ ಹಿಂದಕ್ಕೆ ಸಪಾಟು ಜಾಗಕ್ಕೆ ಇಳಿಸಿ ಬಂದ್ ಮಾಡಿದರು. ನನಗೆ ಹೆದರಿಕೆಯೂ ಬರಲಿಲ್ಲ.

ಯಜಮಾನರು ಆಯಿಲಿನ ಅಳತೆ ಕಡ್ಡಿ ಎಳೆದು ನೋಡಿದರು, ತುದಿಗಷ್ಟೇ ಹತ್ತಿತ್ತು. ಆಯಿಲ್ ಕಡಿಮೆಯಿದ್ದಾಗ ಏರಿನಲ್ಲಿ ಜೋರು ಮಾಡಿದರೆ ಇದ್ದದ್ದೂ ಹಿಂದಕ್ಕೆ ಸರಿಯುತ್ತದೆ, ಎಳೆಯುವ ಕೊಳವೆಗೆ ಗಾಳಿ ಸಿಗುತ್ತದೆ, ಒಣಗಿದ ಇಂಜಿನ್ ಜಾಮ್ ಆಗುತ್ತದೆ ಎಂದರು. ಎತ್ತುಗಳನ್ನು ಆಗಲೇ ಮಾರಿದ್ದೆವು. ಇಂಜಿನ್ ಹೋದರೆ ಬಿತ್ತನೆಯೇ ಇಲ್ಲ. ಪುಣ್ಯಕ್ಕೆ ಸೀಟಿನ ಕೆಳಗೆ ಒಂದು ಡಬ್ಬಿ ಆಯಿಲ್ ಇತ್ತು. ಪೂರ್ತಿ ಸುರಿದರೂ ಕಡ್ಡಿಯ ಕೆಳಗಿನ ಗೆರೆಯನ್ನಷ್ಟೇ ಮುಟ್ಟಿತು.

"ಯವ್ವಾ, ಸಾವಕಾಶ ಹತ್ತಸ್ತೀನಿ. ಆದ್ರ ಮುಳ್ಳು ಇಳಿಯೋದು ನನಗ ಕಾಣಬೇಕು."

"ನಿಮ್ಮಪ್ಪ ಎಳದದ್ದು ಅದು."

"ಅಪ್ಪ ಇದ್ದಿದ್ರ ಯಾಕ ಒರಸಿಲ್ಲಲೇ ಅಂತ ನನಗೇ ಬೈತಿದ್ದ."

ಅತ್ತೆ ಮಡ್ಗಾರ್ಡಿನಿಂದ ಮುಂದಕ್ಕೆ ಬಾಗಿದರು. ನನ್ನ ತಂಬಿಗೆಯ ನೀರಿನಲ್ಲಿ ಬೆರಳು ಅದ್ದಿ ಗಾಜು ಒರೆಸಿದರು. ಬೆರಳಿಗೆ ಬಂದದ್ದನ್ನು ತಮ್ಮ ಬರೀ ಹಣೆಗೆ ಎಳೆದುಕೊಂಡರು.

ಟ್ರ್ಯಾಕ್ಟರ್ ಮತ್ತೆ ಏರು ಹತ್ತಿತು. ಅತ್ತೆ ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ. ಅರ್ಧ ದಾರಿಯಲ್ಲಿ, "ಇಳಿಯಾಕತ್ತದ ನೋಡು, ರೇಸ್ ಕಮ್ಮಿ ಮಾಡು," ಎಂದರು. ಯಜಮಾನರು ಕಮ್ಮಿ ಮಾಡಿದರು. ಮುಳ್ಳು ನಡುಗುತ್ತ ಮೇಲೆ ಬಂದು ನಿಂತಿತು.