ಕೇಳಿದವರಿಗೆಲ್ಲ ಹೇಳಿದವನು

ಇದನ್ನು ಬರೆಯಲು ಕೂತಾಗಲೆಲ್ಲ ನನಗೆ ಬೇರೊಂದು ಕೆಲಸ ಜ್ಞಾಪಕಕ್ಕೆ ಬರುತ್ತದೆ. ಒಮ್ಮೆ ಕೂತಾಗ ನೀರಿನ ತೊಟ್ಟಿ ತೊಳೆಯಬೇಕೆನಿಸಿತು, ತೊಳೆದೆ. ಇನ್ನೊಮ್ಮೆ ಕನ್ನಡಕದ ಸ್ಕ್ರೂ ಸಡಿಲವಾಗಿದೆ ಅನ್ನಿಸಿ ಪೇಟೆಗೆ ಹೋದೆ. ಅಂಗಡಿಯವನು ತಿರುಗಿಸಿ ಮುರುಗಿಸಿ ನೋಡಿ, ಸರಿಯಾಗೇ ಇದೆ ಎಂದು ವಾಪಸು ಕೊಟ್ಟ. ಹೀಗೆ ಮುಂದೂಡುತ್ತ ಮುಂದೂಡುತ್ತ ಮನೆಯ ಕೆಲಸಗಳೆಲ್ಲ ಮುಗಿದುಹೋಗಿ ಈಗ ಇದೊಂದೇ ಉಳಿದಿದೆ.

ವಿಷಯ ಕೇಳಿದರೆ ನೀವು ನಗಬಹುದು. ನಾನು ನನ್ನ ಫೋನಿನಲ್ಲಿ ಹುಡುಕುವ ಯಂತ್ರವನ್ನು, ಅಂದರೆ ಸರ್ಚ್ ಎಂಜಿನ್ನನ್ನು, ಬದಲಾಯಿಸಿದೆ. ಲೋಕವೆಲ್ಲ ಬಳಸುವುದನ್ನು ಬಿಟ್ಟು, ಯಾರು ಏನು ಹುಡುಕಿದರೆಂದು ನೆನಪಿಟ್ಟುಕೊಳ್ಳದ, ಯಾರಿಗೂ ಹೇಳದ ಒಂದನ್ನು ಹಾಕಿಸಿಕೊಂಡೆ. ಎಪ್ಪತ್ತು ದಾಟಿದ, ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದ, ಮಧುಗಿರಿ ಬಿಟ್ಟು ಹೋದರೆ ತುಮಕೂರಿನ ತನಕ ಹೋಗುವ ಮುದುಕನಿಗೆ ಗುಟ್ಟಾಗಿ ಹುಡುಕುವಂಥದ್ದು ಏನಿರುತ್ತದೆ? ನನಗೆ ಒಬ್ಬ ಹೆಂಗಸು ಬದುಕಿದ್ದಾಳೆಯೇ ಎಂದು ತಿಳಿಯಬೇಕಿತ್ತು. ಬದುಕಿದ್ದರೆ ಅವಳಿಗೆ ಒಂದು ಮಾತು ಹೇಳಬೇಕಿತ್ತು. ಅಷ್ಟೇ. ಆ ಅಷ್ಟಕ್ಕೆ ಹಿಂದಿನದೊಂದಿಷ್ಟು ಹೇಳಬೇಕು.

ಮೊಬೈಲು ಬರುವುದಕ್ಕೆ ಮುಂಚೆ ನಾನು ಮಧುಗಿರಿ ಬಸ್ ಸ್ಟ್ಯಾಂಡಿನ ಪಕ್ಕ ಎಸ್‌ಟಿಡಿ ಬೂತು ಇಟ್ಟುಕೊಂಡಿದ್ದೆ. ಹಳದಿ ಬೋರ್ಡು, ಒಂದು ಗಾಜಿನ ಪೆಟ್ಟಿಗೆ, ಅದರೊಳಗೊಂದು ಫೋನು. ಪೆಟ್ಟಿಗೆಯ ಹೊರಗೆ ನನ್ನ ಮೇಜಿನ ಮೇಲೆ ಅದೇ ಲೈನಿನ ಇನ್ನೊಂದು ಫೋನು. ಲೈನು ಸಿಕ್ಕಿತೋ ಇಲ್ಲವೋ ನೋಡಲು ನಾನು ಅದನ್ನು ಎತ್ತುತ್ತಿದ್ದೆ. ಲೈನು ಸಿಕ್ಕ ಮೇಲೆ ಇಡಬೇಕು. ನಾನು ಇಡುತ್ತಿರಲಿಲ್ಲ. ಮೊದಮೊದಲು ಮರೆತು ಇಡದೆ ಇದ್ದೆ, ಆಮೇಲೆ ಮರೆಯದೆ ಇಡದೆ ಇದ್ದೆ. ಕಾದಂಬರಿ ಓದುವ ಅಭ್ಯಾಸ ನನಗಿರಲಿಲ್ಲ. ಪೆಟ್ಟಿಗೆಯೊಳಗಿನವರ ಮಾತು ಕೇಳುವುದೇ ನನ್ನ ಕಾದಂಬರಿಯಾಯಿತು.

ನಮ್ಮ ಕಡೆ ಒಂದು ಪದ್ಧತಿ ಇದೆ, ನಿಮಗೂ ಗೊತ್ತಿರುತ್ತದೆ. ಹೆಣ್ಣು ನೋಡುವ ಶಾಸ್ತ್ರಕ್ಕೆ ಮುಂಚೆ ಗಂಡಿನ ಕಡೆಯ ಸೋದರಮಾವನೋ ದೊಡ್ಡಪ್ಪನೋ ಒಬ್ಬನೇ ಬಂದು, ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿದು, ಯಾವುದೋ ಅಂಗಡಿಯ ಮುಂದೆ ಸುಮ್ಮನೆ ನಿಂತು, ಆ ಮನೆ ಹೆಂಗೆ, ಜನ ಹೆಂಗೆ ಎಂದು ವಿಚಾರಿಸಿಕೊಂಡು ಹೋಗುತ್ತಾನೆ. ಸುತ್ತಲಿನ ಸೀಮೆಗೆಲ್ಲ ಆ ಅಂಗಡಿ ನನ್ನದಾಗಿತ್ತು. ಇವತ್ತು ಹುಡುಕುವ ಯಂತ್ರ ಮಾಡುವ ಕೆಲಸವನ್ನು ಆಗ ನಾನು ಮಾಡುತ್ತಿದ್ದೆ. ಪ್ರಶ್ನೆ ಪೂರ್ತಿ ಆಗುವ ಮುಂಚೆಯೇ ಉತ್ತರ ಕೊಡುತ್ತಿದ್ದೆ. ಟೀ ಕುಡಿಸಿದವರಿಗೆ ಒಂದು ಉತ್ತರ, ಕುಡಿಸದವರಿಗೆ ಇನ್ನೊಂದು. ಜನ ನನ್ನನ್ನು ಹುಡುಕಿಕೊಂಡು ಬರುತ್ತಾರೆಂಬ ಜಂಬಕ್ಕೆ ಆಗಾಗ ನನ್ನ ಮೀಸೆಯನ್ನು ನಾನೇ ಸವರಿಕೊಳ್ಳುತ್ತಿದ್ದೆ.

ಪಾವಗಡದ ಕಡೆಯಿಂದ ಒಂದು ಹುಡುಗಿ ತಂದೆಯ ಜೊತೆ ಬರುತ್ತಿದ್ದಳು. ಪಾವಗಡದಲ್ಲಿ ಬೂತುಗಳಿಲ್ಲದೆ ಇರಲಿಲ್ಲ. ಅಲ್ಲಿ ಎಲ್ಲರೂ ಗುರುತಿನವರೆಂದು ಬಸ್ಸು ಹತ್ತಿ ಇಷ್ಟು ದೂರ ಬರುತ್ತಿದ್ದರು. ತಂದೆ ಹೊರಗೆ ನಿಲ್ಲುತ್ತಿದ್ದರು. ಅವಳು ಗಾಜಿನ ಬಾಗಿಲನ್ನು ಎಳೆದುಕೊಂಡು, ಬೆನ್ನು ತಿರುಗಿಸಿ, ಬೆಂಗಳೂರಿನ ಒಬ್ಬ ಡಾಕ್ಟರ ಜೊತೆ ಮೆಲ್ಲಗೆ ಮಾತಾಡುತ್ತಿದ್ದಳು. ಅವಳಿಗೆ ಫಿಟ್ಸ್ ಬರುತ್ತಿತ್ತು. ಮಾತ್ರೆಯಲ್ಲಿ ಹಿಡಿತಕ್ಕೆ ಬರುತ್ತಿತ್ತು ಕೂಡ. ಅವಳ ಮಾತ್ರೆಯ ಹೆಸರು ಅವಳ ತಾಯಿಗಿಂತ ನನಗೆ ಚೆನ್ನಾಗಿ ಬಾಯಿಗೆ ಬರುತ್ತಿತ್ತು.

ಒಂದು ದಿನ ಕೊರಟಗೆರೆಯ ಕಡೆಯವರೊಬ್ಬರು ಪಾವಗಡದ ಬಸ್ಸಿಗೆ ಕಾಯುತ್ತ ನನ್ನ ಬೆಂಚಿನ ಮೇಲೆ ಕೂತರು. ತಂಗಿಯ ಮಗನಿಗೆ ಹೆಣ್ಣು ನೋಡಿದ್ದಾರಂತೆ, ಮಾತು ಮುಗಿಸಲು ಹೊರಟಿದ್ದಾರಂತೆ. ಊರಿನ ಹೆಸರು, ಹುಡುಗಿಯ ತಂದೆಯ ಹೆಸರು ಹೇಳಿದರು. ಅವರು ನನ್ನನ್ನು ಏನೂ ಕೇಳಿರಲಿಲ್ಲ. ನಾನೇ "ಗೊತ್ತು ಬುಡಿ, ಇಲ್ಲಿಗೇ ಬತ್ತಾರೆ" ಎಂದೆ.

"ಹೌದಾ? ಜನ ಹೆಂಗೆ ಸ್ವಾಮಿ?"

"ಜನಕ್ಕೇನು, ಬಂಗಾರದಂಥೋರು. ಹುಡುಗಿಗೇ ಒಸಿ..."

ಅಲ್ಲಿಗೆ ನಿಲ್ಲಿಸಿದೆ. ಹಾಗೆ ನಿಲ್ಲಿಸುವುದರಲ್ಲಿ ಒಂದು ರುಚಿಯಿದೆ. ಅದನ್ನು ಬಲ್ಲವರು ಬಲ್ಲರು.

"ಒಸಿ ಏನು?"

"ಬುಡಿ ಯಜಮಾನ್ರೆ, ಕಂಡೋರ ಮನೆ ಇಚಾರ ನಮ್ಗ್ಯಾಕೆ."

"ಅಂಗಂದ್ರೆ ಏನೋ ಐತೆ. ಏಳಿ ಒಂದ್ ಟೀ ಕುಡಿಯಾಣ."

ಟೀ ಮುಗಿಯುವಷ್ಟರಲ್ಲಿ ಎಲ್ಲ ಹೇಳಿದ್ದೆ. ಅವರು ಪಾವಗಡದ ಬಸ್ಸು ಹತ್ತಲಿಲ್ಲ. ರಸ್ತೆ ದಾಟಿ ಕೊರಟಗೆರೆಯ ಬಸ್ಸು ಹತ್ತಿದರು.

ಸುಳ್ಳು ಹೇಳಿದ್ದರೆ ನನಗೆ ಈಗ ಸುಲಭವಾಗುತ್ತಿತ್ತು. ಹೇಳಿದ್ದು ನಿಜ. "ಇದ್ದದ್ದನ್ನ ಇದ್ದಂಗೆ ಹೇಳಿದೆ, ಒಂದು ಗಂಡಿನ ಜೀವನ ಉಳಿಸಿದೆ" ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮೇಷ್ಟ್ರು ಬಾಯಿಪಾಠ ಮಾಡಿಸಿದ್ದರು. ಆ ಗಾದೆ ಅರ್ಧ ಮಾತ್ರ ಸರಿ. ಒಡೆದ ಮುತ್ತು ಹೋಗುತ್ತದೆ. ಆಡಿದ ಮಾತು ಎಲ್ಲಿಗೂ ಹೋಗುವುದಿಲ್ಲ, ಊರಲ್ಲೇ ಮನೆ ಮಾಡುತ್ತದೆ. ಅವಳಿಗೆ ಬಂದ ಮುಂದಿನ ಸಂಬಂಧಗಳೂ ಊರ ಬಾಗಿಲಿಂದಲೇ ತಿರುಗಿದವೆಂದು ಪಾವಗಡದ ಬಸ್ಸಿನ ಕಂಡಕ್ಟರು ಹೇಳಿದ. ಆ ಹೊತ್ತಿಗೆ ನಾನು ಸುದ್ದಿ ಕೇಳಿ ತಲೆಯಾಡಿಸುವ ದೊಡ್ಡ ಮನುಷ್ಯನಾಗಿದ್ದೆ.

ಅವಳ ತಂದೆ ಇನ್ನೊಂದೇ ಸಲ ಬಂದರು, ಒಬ್ಬರೇ. ಫೋನು ಮಾಡಲಿಲ್ಲ. ಪೆಟ್ಟಿಗೆಯ ಗಾಜನ್ನೇ ನೋಡುತ್ತ ಕೇಳಿದರು: "ಸ್ವಾಮಿ, ನಮ್ಮ ಹುಡ್ಗಿ ಒಳಗಡೆ ಮಾತಾಡಿದ್ದು ಈಚೆಗೆ ಕೇಳಿಸ್ತೈತಾ?"

"ಛೇ, ಎಲ್ಲಾದರೂ ಉಂಟಾ. ಒಂದಕ್ಷರ ಕೇಳ್ಸಲ್ಲ" ಎಂದೆ.

"ಸರಿ ಬುಡಿ" ಎಂದು ಹೊರಟರು. ಆಮೇಲೆ ಆ ಹುಡುಗಿ ನನ್ನ ಬೂತಿಗೆ ಬರಲಿಲ್ಲ. ಡಾಕ್ಟರಿಗೆ ಬೇರೆಲ್ಲಿಂದಾದರೂ ಮಾತಾಡಿದಳೋ, ಮಾತ್ರೆ ನಿಲ್ಲಿಸಿಬಿಟ್ಟಳೋ ನನಗೆ ತಿಳಿಯದು. ನಿಲ್ಲಿಸಿದ್ದರೆ? ಈ ಪ್ರಶ್ನೆ ಬೂತು ಮುಚ್ಚಿದ ಮೇಲೆ ನನ್ನ ಜೊತೆ ಮನೆಗೆ ಬಂತು. ಇನ್ನೂ ಹೋಗಿಲ್ಲ.

ಹೋದ ವರ್ಷ ಮಗ ಹೊಸ ಫೋನು ಕೊಡಿಸಿದಾಗ ನಾನು ಮೊದಲು ಹುಡುಕಿದ್ದು ಇದನ್ನೇ. ಫಿಟ್ಸ್ ಇರುವವರು ಮಾತ್ರೆ ಬಿಟ್ಟರೆ ಎಷ್ಟು ಕಾಲ ಬದುಕುತ್ತಾರೆ? ಬಾಯಲ್ಲಿ ಹೇಳಿದರೂ ಅದು ಹುಡುಕುತ್ತದಂತೆ, ಆದರೆ ಮನೆಯಲ್ಲಿ ಬಾಯಿಬಿಡುವ ಧೈರ್ಯ ಸಾಲದೆ ಒಂದೊಂದೇ ಅಕ್ಷರ ಒತ್ತಿದೆ. ಅದರಿಂದ ಉತ್ತರ ಸಿಕ್ಕಿತೋ ಇಲ್ಲವೋ, ಪ್ರಶ್ನೆಯಂತೂ ಮನೆಯವರಿಗೆಲ್ಲ ಸಿಕ್ಕಿತು. ಟಿವಿಯಲ್ಲಿ ಭಜನೆ ಹಾಕಿದರೆ ನಡುವೆ ನರರೋಗದ ಆಸ್ಪತ್ರೆಯ ಜಾಹೀರಾತು ಬರತೊಡಗಿತು. ಸೊಸೆ ವೀಣಾ ಫೋನಿನಲ್ಲಿ ಅಡುಗೆ ನೋಡಲು ಕೂತರೆ ಮೂರ್ಛೆಯ ಔಷಧಿ. ಮನೆಯ ಫೋನು ಟಿವಿಗಳೆಲ್ಲ ಒಂದೇ ಬಳ್ಳಿಯ ಕಾಯಿಗಳಂತೆ ಒಳಗೊಳಗೇ ಸಂಬಂಧ ಎಂದು ನನಗೇನು ಗೊತ್ತು.

"ಮಾವ, ಬೇಜಾರ್ ಮಾಡ್ಕಬೇಡಿ, ಒಂದ್ ಮಾತು ಕೇಳ್ತೀನಿ. ನಿಮ್ಗೆ ಫಿಟ್ಸ್ ಬತ್ತೈತಾ?" ಎಂದಳು ವೀಣಾ.

ಇಲ್ಲವೆಂದೆ. ಜೋರಾಗಿ ಇಲ್ಲವೆಂದೆ. ಜೋರಾಗಿ ಹೇಳಿದ್ದೇ ತಪ್ಪಾಯಿತು, ಮುಚ್ಚಿಡುತ್ತಿದ್ದಾರೆ ಎಂದಾಯಿತು. ಅವಳು ಅತ್ತೆಗೆ ಹೇಳಿದಳು, ನನ್ನ ಹೆಂಡತಿ ಶಿರಾದಲ್ಲಿರುವ ತನ್ನ ತಂಗಿಗೆ ಹೇಳಿದಳು. ಮಹಡಿ ಹತ್ತಲು ಹೋದರೆ ಯಾರಾದರೂ ಹಿಂದೆಯೇ ಬರತೊಡಗಿದರು. ಇಷ್ಟು ವರ್ಷ ನನ್ನ ಗಡ್ಡ ಕೆರೆದ ಕ್ಷೌರದವನು ಕತ್ತಿ ಹಿಡಿದು ನಿಂತು, "ಅಣ್ಣಾ, ಇವತ್ತು ಹುಷಾರಾಗಿದ್ದೀರಾ ತಾನೆ?" ಎಂದು ಕೇಳಿದ. ಟೀ ಅಂಗಡಿಯಲ್ಲಿ ಗೆಳೆಯ ರಂಗಪ್ಪ ಯಾರೂ ನೋಡದಂತೆ ನನ್ನ ಜೇಬಿಗೆ ಒಂದು ಕಬ್ಬಿಣದ ಬೀಗದ ಕೈ ಇಳಿಬಿಟ್ಟ. "ಇಟ್ಕಳಲಾ. ಬಂದಾಗ ಕೈಲಿಡ್ಕಂಡ್ರೆ ನಿಂತೋಯ್ತದೆ. ನಾನ್ಯಾರ್ಗೂ ಹೇಳಾಕಿಲ್ಲ."

ಅವನು ಅಷ್ಟು ಹೊತ್ತಿಗೆ ಎಲ್ಲರಿಗೂ ಹೇಳಿದ್ದ. ನನಗೆ ನಗು ಬರಬೇಕಿತ್ತು. ಬೀಗದ ಕೈಯನ್ನು ಜೇಬಲ್ಲಿ ಹಿಡಿದುಕೊಂಡೇ ಮನೆಗೆ ಬಂದು ಕೂತೆ. ನನಗೆ ಇಲ್ಲದ ಕಾಯಿಲೆ. ಆದರೂ ಜನ ಕಣ್ಣು ತಪ್ಪಿಸಿ ನೋಡುವಾಗ ಮೈಯೆಲ್ಲ ಚುಚ್ಚುತ್ತಿತ್ತು. ಇಪ್ಪತ್ತರ ಹುಡುಗಿ, ಇದ್ದ ಕಾಯಿಲೆ, ಇಲ್ಲವೆನ್ನಲೂ ಬಾರದು. ಅವಳು ಅದನ್ನು ಹೇಗೆ ಹೊತ್ತಳು?

ಕೊನೆಗೆ ವೀಣಾಳೇ ಆ ಹೊಸ ಯಂತ್ರವನ್ನು ಹಾಕಿಕೊಟ್ಟಳು. ಅವಳು ಅರ್ಜಿ ಹಾಕಿಕೊಡುವ ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. "ಇದ್ರಲ್ಲಿ ಏನ್ ಹುಡುಕುದ್ರೂ ಯಾರ್ಗೂ ಹೋಗಲ್ಲ ಮಾವ. ನಂಗೂ ಗೊತ್ತಾಗಲ್ಲ. ಮಾತ್ರೆ ಮಾತ್ರ ತಪ್ಪಿಸ್ಬೇಡಿ" ಎಂದಳು.

ಒಳ್ಳೆಯ ಯಂತ್ರವೇ. ಆದರೆ ಹೊಸದಾಗಿ ಬಂದ ನೆಂಟನ ಹಾಗೆ, ಮನೆಯ ಸಂಗತಿ ಒಂದೂ ಗೊತ್ತಿಲ್ಲ. ಹಳೆಯದಕ್ಕೆ 'ಮ' ಎಂದರೆ ಸಾಕು, ಮಂಡಿ ನೋವು ಎಂದು ತಾನೇ ಮುಗಿಸುತ್ತಿತ್ತು. ಇದು ಸುಮ್ಮನೆ ಕಾಯುತ್ತದೆ. ಬೆಳಿಗ್ಗೆ ಹುಡುಕಿದ್ದನ್ನು ಮಧ್ಯಾಹ್ನ ಮತ್ತೆ ಮೊದಲಿನಿಂದ ಬರೆಯಬೇಕು. ಪಾಳೇಗಾರ ಕೇಳಿದರೂ ಪೂಜಾರಿ ಕೇಳಿದರೂ ಇದರದು ಒಂದೇ ಉತ್ತರವಂತೆ. ಮುಖ ನೋಡಿ ಮಣೆ ಹಾಕುವುದಿಲ್ಲ. ನೀವು ಹುಡುಕಿದ್ದನ್ನು ನಾವು ಯಾರಿಗೂ ಹೇಳುವುದಿಲ್ಲ ಎಂಬ ಅರ್ಥದ ಸಾಲೊಂದು ಅದರಲ್ಲಿತ್ತು. ಅದನ್ನು ಓದಿ ಸ್ವಲ್ಪ ಹೊತ್ತು ಫೋನು ಕೆಳಗಿಟ್ಟೆ. ನನ್ನ ಹಳದಿ ಬೋರ್ಡಿನಲ್ಲಿ ಆ ಸಾಲಿಗೆ ಬೇಕಾದಷ್ಟು ಜಾಗವಿತ್ತು.

ಆಮೇಲೆ ಆ ಹುಡುಗಿಯ ಹೆಸರು ಬರೆದೆ. ಹಳೆಯ ಯಂತ್ರವಾಗಿದ್ದರೆ ಎರಡನೇ ಸಲಕ್ಕೆ ತಾನೇ ಪೂರ್ತಿ ಮಾಡುತ್ತಿತ್ತು. ಇದರಲ್ಲಿ ಪ್ರತಿ ಸಲವೂ ಅಷ್ಟೂ ಅಕ್ಷರವನ್ನು ನನ್ನ ಬೆರಳೇ ಒತ್ತಬೇಕು. ಒತ್ತಿದೆ. ಅದೇ ಹೆಸರಿನ ಹಲ್ಲಿನ ಡಾಕ್ಟರು ಸಿಕ್ಕಿದರು, ಭರತನಾಟ್ಯದವರು ಸಿಕ್ಕಿದರು. ಊರಿನ ಹೆಸರು ಸೇರಿಸಿದೆ. ಪಾವಗಡದ ಹತ್ತಿರ ತಿರುಮಣಿಯ ಸುತ್ತಲ ಸೋಲಾರ್ ಪಾರ್ಕು ಬಂತು. ಮೇಲಿನಿಂದ ತೆಗೆದ ಚಿತ್ರ. ಕಣ್ಣು ಹಾಯುವ ತನಕ ಕಪ್ಪು ಹಲಗೆಗಳು, ನಡುವೆ ಅಂಗೈಯಷ್ಟು ಊರುಗಳು. ಆ ನೆಲದಿಂದ ಎಷ್ಟು ಕರೆಂಟು ಬರುತ್ತದೆಂಬುದು ಅದಕ್ಕೆ ಗೊತ್ತು. ಆ ನೆಲದ ಮೇಲೆ ನಡೆದಾಡಿದ ಒಂದು ಹುಡುಗಿ ಗೊತ್ತಿಲ್ಲ. ಇಂಗ್ಲಿಷಿನಲ್ಲಿ ಬರೆದೆ, ಆಂಧ್ರದ ಗಡಿಯ ಊರೆಂದು ಫೋನಿನಿಂದಲೇ ತೆಲುಗಿನಲ್ಲೂ ಬರೆಸಿದೆ. ಇಲ್ಲ.

ಹಾಗಾಗಿ ಒಂದು ದಿನ ಪಾವಗಡದ ಬಸ್ಸು ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸು. ಊರು ಯಾವುದೆಂದು ಬರೆಯುವುದಿಲ್ಲ, ಕ್ಷಮಿಸಿ. ಇಳಿದಲ್ಲಿ ಒಂದು ಪೆಟ್ಟಿಗೆ ಅಂಗಡಿ. ನಡುವಯಸ್ಸಿನ ಹೆಂಗಸೊಬ್ಬಳು ಮುಂದೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.

"ಎವರು ಕಾವಾಲ ತಾತಾ? ಯಾರು ಬೇಕಾಗಿತ್ತು?"

ಹೆಸರು ಹೇಳಿದೆ, ತಂದೆಯ ಹೆಸರನ್ನೂ ಹೇಳಿದೆ. ಅವಳ ಕೈ ನಿಂತಿತು.

"ನೀವ್ಯಾರ ಪೈಕಿ?"

"ಪೈಕಿ ಏನಿಲ್ಲಮ್ಮ. ಹಳೇ ಪರಿಚಯ."

"ಹಳೇ ಪರಿಚಯ ಆದ್ರೆ ಮನೆ ಗೊತ್ತಿರ್ಬೇಕಲ್ಲ ತಾತಾ."

"ಮನೆಗೆ ಬಂದಿಲ್ಲಮ್ಮ. ಇದಾಳಾ, ಇಲ್ವಾ? ಅಷ್ಟು ಹೇಳಿದ್ರೆ ಸಾಕು, ಇದೇ ಬಸ್ಸಿಗೆ ವಾಪಸ್ ಹೋಗ್ತೀನಿ."

"ಅದನ್ನೂ ಹೇಳಾಕಿಲ್ಲ. ದಾರೀಲಿ ಬಂದೋರೆಲ್ಲ ಕೇಳ್ತಾರೆ ಅಂತ ಹೆಣ್ಮಕ್ಕಳ ಇಚಾರ ಹೇಳ್ತಾ ಕೂತ್ಕಳಾಕಾಯ್ತದಾ?" ಕೋಪವಿಲ್ಲದೆ ಹೇಳಿದಳು. ಮತ್ತೆ ಬೀಜ ಬಿಡಿಸತೊಡಗಿದಳು. "ನಿಮ್ಮ ಹೆಸ್ರು, ಊರು ಹೇಳಿ ಹೋಗಿ. ಮುಟ್ಟಿಸೋ ಕಡೆ ಮುಟ್ಟಿಸ್ತೀನಿ. ಮಾತಾಡ್ಬೇಕು ಅನ್ನಿಸಿದ್ರೆ ಅವ್ರೇ ಮಾತಾಡ್ತಾರೆ. ನೀರು ಕುಡಿತೀರಾ?"

ನೀರು ಕುಡಿದೆ. ಅವಳು ಕಾಯುತ್ತಿದ್ದಳು. ಕೇಳಿದ್ದು ದೊಡ್ಡದೇನಲ್ಲ, ನನ್ನ ಹೆಸರು. ಊರವರ ಹೆಸರನ್ನೆಲ್ಲ ಟೀಗೆ ಮಾರಿದವನಿಗೆ ತನ್ನ ಒಂದು ಹೆಸರು ಕೊಡಲಾಗಲಿಲ್ಲ. "ಇರ್ಲಿ ಬುಡಮ್ಮ" ಎಂದೆ. ಬಸ್ಸು ತಿರುಗಿಕೊಂಡು ಬಂತು, ಹತ್ತಿದೆ. ದಾರಿಯುದ್ದಕ್ಕೂ ಕಿಟಕಿಯಾಚೆ ಬರೀ ಕಪ್ಪು ಹಲಗೆಗಳು. ಅಂದು ಟೀ ಅಂಗಡಿಯ ಮುಂದೆ ನಾನು ಹೇಳಬೇಕಿದ್ದ "ಹೇಳಾಕಿಲ್ಲ" ಎಂಬ ಮಾತು ಎಷ್ಟು ಚಿಕ್ಕದಾಗಿತ್ತು, ಎಷ್ಟು ಸಲೀಸಾಗಿತ್ತು ಎಂದು ಹುಣಸೆಹಣ್ಣು ಬಿಡಿಸುತ್ತಲೇ ಅವಳು ತೋರಿಸಿಕೊಟ್ಟಿದ್ದಳು. ಇನ್ನೊಮ್ಮೆ ಅಲ್ಲಿಗೆ ಹೋಗುವ ಶಕ್ತಿ ಮಂಡಿಗೂ ಇಲ್ಲ, ನನಗೂ ಇಲ್ಲ.

ಅಲ್ಲಿ ಹೇಳಲಾಗದ ನನ್ನ ಹೆಸರು ಈ ಬರಹದ ಜೊತೆ ಅಚ್ಚಾಗುತ್ತದೆ. ಯಾವ ಯಂತ್ರದಲ್ಲಿ ಬೇಕಾದರೂ ಹುಡುಕಿಕೊಳ್ಳಲಿ, ಸಿಗಲಿ. ನನ್ನ ಹೆಂಡತಿಗೂ ಇದು ಗೊತ್ತಾಗುವುದು ನಿಮ್ಮ ಜೊತೆಯಲ್ಲೇ. ಆ ಹುಡುಗಿಯ ಹೆಸರನ್ನು ಮಾತ್ರ ಬರೆಯಲಾರೆ. ಬರೆದರೆ ಅದೇ ಮಾತನ್ನು ಇನ್ನೊಮ್ಮೆ, ಈ ಸಲ ಅಚ್ಚಿನಲ್ಲಿ, ಹೇಳಿದಂತಾಗುತ್ತದೆ. ಆದರೆ ಬೂತಿನಲ್ಲಿ ಮಾತು ಉದ್ದವಾದಾಗ ಅವಳ ತಂದೆ ಗಾಜು ತಟ್ಟಿ ಮನೆಯಲ್ಲಿ ಮುದ್ದಿಗೆ ಕರೆಯುವ ಹೆಸರಿನಿಂದ ಕರೆಯುತ್ತಿದ್ದರು. ಆ ಹೆಸರಿನವರು ನಮ್ಮ ಗಡಿಯ ಕಡೆ ಬೀದಿಗೊಬ್ಬರು ಇದ್ದಾರೆ, ಹುಡುಕಿದರೂ ಯಾರಿಗೂ ಗುರುತು ಹತ್ತುವುದಿಲ್ಲ. ಬದುಕಿದ್ದರೆ, ಓದಿದರೆ, ಅವಳೊಬ್ಬಳಿಗೆ ತಿಳಿಯುತ್ತದೆ.

ನಿನ್ನ ಮಾತು ಕೇಳಿಸಿಕೊಂಡವನು ನಾನು. ಹೇಳಿದವನೂ ನಾನೇ. ನಿನ್ನ ತಂದೆಗೆ ಸುಳ್ಳು ಹೇಳಿದವನೂ ನಾನೇ. ತಪ್ಪಾಯಿತು, ಬುಜ್ಜಮ್ಮ.